ಮುಡಿಪು ಬಿಚ್ಚಿಸಿಕೊಂಡ ತಾಯಿ

ತಾಯಿ ಚಿಕ್ಕದೇವಮ್ಮನನ್ನು ನಂಬಿದ ಬಂಧುಗಳೇ, ನಾನು ಎಚ್.ಡಿ. ಕೋಟೆ ಕಡೆಯವನು, ಕಬಿನಿ ಹಿನ್ನೀರಿನಲ್ಲಿ ದೋಣಿ ನಡೆಸುವವನು. ಬರೆದು ಅಭ್ಯಾಸವಿಲ್ಲ. ನನ್ನ ಹೆಂಡತಿ ಸಾಕಮ್ಮ, "ಬರೀರಿ, ಅಮ್ಮ ಮಾಡಿದ್ದ ಮುಚ್ಚಿಟ್ಕಂಡ್ರೆ ಒಳ್ಳೇದಾಗಲ್ಲ" ಎಂದು ಬೆನ್ನು ಹತ್ತಿದ್ದರಿಂದ ಕೂತಿದ್ದೇನೆ.

2006ರ ಮಳೆಗಾಲ. ಸಾಕಮ್ಮನಿಗೆ ಉಬ್ಬಸ ಜೋರಾಗಿತ್ತು. ಕೋಟೆಯ ಆಸ್ಪತ್ರೆ, ಮೈಸೂರಿನ ದೊಡ್ಡಾಸ್ಪತ್ರೆ, ಪಿರಿಯಾಪಟ್ಟಣದ ಹತ್ತಿರ ಯಾರೋ ಕೊಡುವ ಬೇರಿನ ಕಷಾಯ, ಎಲ್ಲವೂ ಆಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಬೆನ್ನು ನೀವಿ ನೀವಿ ನನ್ನ ಕೈ ಸೋತುಹೋಗಿತ್ತು. ಕೊನೆಗೆ ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ಇವಳು ಉಳಿದರೆ ಚಿಕ್ಕದೇವಮ್ಮನ ಬೆಟ್ಟ ಹತ್ತಿ ಒಪ್ಪಿಸುತ್ತೇನೆಂದು ಹರಕೆ ಹೊತ್ತೆ. ಆ ಮುಡಿಪನ್ನು ಮನೆಯಲ್ಲಿಡದೆ ದೋಣಿಗೆ ತಂದೆ. ಹಗಲೆಲ್ಲ ನಾನಿರುವುದು ಅಲ್ಲೇ ತಾನೆ? ಹಲಗೆಗೆ ಕಟ್ಟಿದರೆ ಜನ ಕಾಲು ತಾಗಿಸುತ್ತಾರೆ, ಎಂಜಿನ್ನಿಗೆ ಕಟ್ಟಿದರೆ ಬಿಸಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಎದ್ದುನಿಂತ ಒಂದು ಸಣ್ಣ ಗುಂಡಿ ಇತ್ತು. ಅದಕ್ಕೆ ಸುತ್ತಿ ಕಟ್ಟಿ, ಅರಿಸಿನ ಕುಂಕುಮ ಹಚ್ಚಿ ಕೈಮುಗಿದೆ. ಊದುಬತ್ತಿ ಮಾತ್ರ ಹಚ್ಚಲಿಲ್ಲ, ಅಷ್ಟು ಬುದ್ಧಿ ಇತ್ತು.

ಅದಾದ ಮೇಲೆ ಎಂಜಿನ್ನಿನ ಕಾಟ ಶುರುವಾಯಿತು. ದಡದಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುವುದು, ನಡುನೀರಿಗೆ ಹೋಗುತ್ತಲೇ ಕೆಮ್ಮಿ ಕೆಮ್ಮಿ ನಿಂತುಬಿಡುವುದು. ಮನೆಯಲ್ಲೂ ಕೆಮ್ಮು, ನೀರಿನಲ್ಲೂ ಕೆಮ್ಮು. ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋಯಿತು. ಅದು ಹೊಸ ಮಾದರಿಯ ಎಂಜಿನ್ನು. ಪೆಟ್ರೋಲ್ ಕೊಡುವುದಕ್ಕೆ ಕರೆಂಟಿನ ಪಂಪು. ದೋಣಿಯ ಮಾಲೀಕರು ಹುಣಸೂರಿನಿಂದ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಫ್ಯೂಸು ನೋಡಿದ, ಬ್ಯಾಟರಿಯ ವೈರು ಉಜ್ಜಿದ, ಫಿಲ್ಟರ್ ಬದಲಿಸಿದ. ಕೀ ತಿರುಗಿಸಿದಾಗ ಪಂಪು ಗುಂಯ್ ಎನ್ನುವುದನ್ನು ಕಿವಿಗೊಟ್ಟು ಕೇಳಿ, "ಪಂಪು ಗಟ್ಟಿಯಾಗೇ ಅದೆ ಕಣಣ್ಣ, ನಂಗೇನೂ ಕಾಣ್ತಿಲ್ಲ" ಎಂದ. ಮುಂದಿನ ಸಲ ಬಂದು ಪಂಪನ್ನೇ ಬದಲಿಸಿದ. ಅವನೆದುರು ಎಂಜಿನ್ ನಡುನೀರಿಗೂ ಹೋಗಿ ಬರುವುದು! ಅವನು ಬೆನ್ನು ತಿರುಗಿಸಿದರೆ ಮತ್ತೆ ಅದೇ ಪಾಡು.

ಇಲ್ಲೊಂದು ಮಾತು ಹೇಳಬೇಕು. ಅವನು ಬಂದಾಗಲೆಲ್ಲ ನಾನು ಮುಡಿಪನ್ನು ಬಿಚ್ಚಿ ಜೇಬಿಗಿಟ್ಟುಕೊಳ್ಳುತ್ತಿದ್ದೆ. ಗ್ರೀಸ್ ಕೈ ತಾಗಿ ಮೈಲಿಗೆಯಾಗಬಾರದಲ್ಲ. ಹೋದಮೇಲೆ ಕೈಕಾಲು ತೊಳೆದು, ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತಿದ್ದೆ. "ಅವಳನ್ನೂ ನೋಡಲಿಲ್ಲ, ಇದನ್ನೂ ನೋಡಲಿಲ್ಲ, ಇದ್ದೀಯೇನಮ್ಮಾ ನೀನು?" ಎಂದು ಬೈದದ್ದೂ ಉಂಟು. ಬೇಡುವುದಕ್ಕೂ ಬೇಸರ ಬಂದುಬಿಟ್ಟಿತ್ತು.

ಒಂದು ಮಧ್ಯಾಹ್ನ ಸಾಕಮ್ಮನಿಗೆ ಉಸಿರೇ ಸಿಗದಾಯಿತು. ತುಟಿ ನೀಲಿಯಾಯಿತು. ರಸ್ತೆಯಲ್ಲಿ ಸುತ್ತಿ ಹೋಗಲು ಹೊತ್ತಿಲ್ಲ. ಆಚೆ ದಡ ಸೇರಿದರೆ ಜೀಪು ಸಿಗುತ್ತದೆ. ದೋಣಿಯಲ್ಲಿ ಮಲಗಿಸಿಕೊಂಡು ಹೊರಟೆ. ನಡುನೀರಿನಲ್ಲಿ ಎಂಜಿನ್ ನಿಂತಿತು. ಪೈಪಿನ ಮಧ್ಯೆ ಕೈಯಲ್ಲಿ ಒತ್ತಿ ಪೆಟ್ರೋಲ್ ಏರಿಸುವ ರಬ್ಬರ್ ಉಂಡೆ ಇರುತ್ತದೆ, ಅದು ಚಪ್ಪಟೆಯಾಗಿ ಅಂಟಿಕೊಂಡಿತ್ತು. ಎದುರು ಗಾಳಿ, ಹುಟ್ಟು ಹಾಕಿದರೆ ದೋಣಿ ಅಲ್ಲಾಡದು. ನಾನು ಗೊಳೋ ಎಂದು ಅತ್ತುಬಿಟ್ಟೆ.

ಸಾಕಮ್ಮ ಕೈಚಾಚಿದಳು. "ಅಮ್ಮನ... ಇಲ್ಲಿ ಕೊಡಿ... ಎದೆ ಮೇಲಿಟ್ಕತೀನಿ."

"ಸುಮ್ಕಿರು, ಮಾತಾಡ್ಬ್ಯಾಡ" ಎಂದೆ.

"ಕೊಡೀಂದ್ರೆ!"

ಒದ್ದೆ ಗಂಟು ಬಿಚ್ಚಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದೆ. ಬಟ್ಟೆ ಕಳಚುತ್ತಲೇ ಟ್ಯಾಂಕು ಸುಸ್ಸ್ ಎಂದು ಗಾಳಿ ಎಳೆದುಕೊಂಡಿತು. ಚಪ್ಪಟೆಯಾಗಿದ್ದ ಉಂಡೆ ನನ್ನ ಕಣ್ಣೆದುರೇ ಉಬ್ಬಿತು. ಕೀ ತಿರುಗಿಸಿದೆ; ಪಂಪು ಗುಂಯ್ ಎಂದಿತು, ಎಂಜಿನ್ ಹೊರಟಿತು. ಆಚೆ ದಡದವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕುವಾಗ ನರ್ಸಮ್ಮ ಮುಷ್ಟಿ ಬಿಡಿಸಲು ನೋಡಿದರು, ಸಾಕಮ್ಮ ಮುಡಿಪು ಬಿಡಲಿಲ್ಲ.

ಅವಳು ಕಣ್ಣುಬಿಟ್ಟು ಮಾತಾಡಿದ ಮೇಲೆ ಬಂದು ಮುಚ್ಚಳ ನೋಡಿದೆ. ಗುಂಡಿಯ ಬುಡದಲ್ಲಿ ಸಣ್ಣ ತೂತು. ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿ ಹೋಗಲೆಂದು ಇಟ್ಟದ್ದು. ನಾನು ಬಟ್ಟೆ ಸುತ್ತಿ, ಅರಿಸಿನ ಮೆತ್ತಿ, ಮಳೆಯಲ್ಲಿ ನೆನೆಸಿ ಅದರ ಮೂಗು ಹಿಡಿದಿದ್ದೆ. ಹೊಸ ಪಂಪು ತಾನೇ ಏನು ಮಾಡೀತು?

ಮೆಕ್ಯಾನಿಕ್ ಕೇಳಿ ಹಣೆ ಚಚ್ಚಿಕೊಂಡ. "ಅಯ್ಯೋ ಅಣ್ಣ, ಮೊದ್ಲೇ ಹೇಳ್ಬಾರ್ದಾ! ಇದ್ರಲ್ಲಿ ದೇವ್ರ ಮಹಿಮೆ ಏನದೆ?"

"ಇರ್ಲಿ ಬುಡಪ್ಪ" ಎಂದೆ. ವಾದ ಮಾಡುವ ತ್ರಾಣ ಇರಲಿಲ್ಲ. ಆದರೆ ಉಸಿರು ಸಿಗದೆ ಒದ್ದಾಡುವವಳಿಗೆ ನೀರು ಬೇಕೆನಿಸದೆ ಆ ಗಂಟೇ ಬೇಕೆನಿಸಿದ್ದು ಹೇಗೆ? ಇದನ್ನು ನನಗೆ ಇದುವರೆಗೆ ಯಾರೂ ಬಿಡಿಸಿ ಹೇಳಿಲ್ಲ.

ಉಬ್ಬಸ ಪೂರ್ತಿ ಹೋಗಿಲ್ಲ, ಮಳೆ ಹಿಡಿದರೆ ಈಗಲೂ ಕಾಡುತ್ತದೆ. ಅವಳು ಉಳಿದಳು, ನನಗಷ್ಟು ಸಾಕು. ಇಬ್ಬರೂ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಬೆಟ್ಟ ಹತ್ತಿ ಮುಡಿಪು ಒಪ್ಪಿಸಿದೆವು. ಪೂಜಾರಪ್ಪನವರು ಹಳದಿ ದಾರ ಕೊಟ್ಟು, "ದೋಣಿಗೆ ಕಟ್ಕಳಪ್ಪ" ಎಂದರು. ನಾನು ಕೈಚಾಚುವ ಮೊದಲೇ ಸಾಕಮ್ಮ ಈಸಿಕೊಂಡು ನನ್ನ ಮುಂಗೈಗೆ ಕಟ್ಟಿದಳು, ಅದೂ ಸಡಿಲವಾಗಿ.

"ಅಮ್ಮ ಇಲ್ಲೇ ಇರ್ಲಿ ಬುಡಿ. ನೀವು ಬಿಗಿದು ಬಿಗಿದು ಅವ್ಳಿಗೂ ಸಾಕಾಗದೆ."

ತಾಯೀ, ನಿನ್ನ ಋಣ ದೊಡ್ಡದು. ಈಗ ದಿನಾ ಮುಚ್ಚಳದ ತೂತು ನೋಡಿ, ಮುಂಗೈಯನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಕೀ ತಿರುಗಿಸುತ್ತೇನೆ.