ಕರಡಿಗೆಯೊಳಗಿನ ಗುಂಡಿ

ಸಂಸ್ಥಾನದ ಕಾಲ. ಸಾಂಗಲಿಯ ಅರಿಸಿನ ವ್ಯಾಪಾರಿಗಳ ಮಗ ರಾಚಪ್ಪ ಕಾಲೇಜಿನ ಓದಿನ ನಡುವೆ ಆರು ತಿಂಗಳು ಲಂಡನ್ನಿನಲ್ಲಿ ಕಲಿತು ಬಂದ. ಕಲಿತದ್ದೇನು? ಹ್ಯಾಟು ಎತ್ತುವುದು, ಮೂಗು ಮುರಿಯುವುದು. ಊರ ಹತ್ತಿರದ ಮಿರಜ ಸ್ಟೇಶನ್ನಿನಲ್ಲಿ ಇಳಿಯುತ್ತಲೇ ಈ ಮಹಾಶಯನಿಗೆ ಧೂಳು ಸಹಿಸಲಾಗಲಿಲ್ಲ. ಹೊರಳಾಡಿ ಬೆಳೆದದ್ದು ಅದೇ ಧೂಳಿನಲ್ಲಿ!

ತಾಯಿ ಬಾಳವ್ವನಿಗೆ ಹ್ಯಾಟಿನ ಗೊಡವೆ ಇರಲಿಲ್ಲ. ಮಗ ಊರು ಬಿಡುವ ದಿನ ಅವನ ಕೊರಳಿನ ಲಿಂಗದ ಬೆಳ್ಳಿ ಕರಡಿಗೆಗೆ ಹೊಸ ದಾರ ಹಾಕಿ, ಪೂಜೆ ಮಾಡದೆ ಉಣ್ಣಬಾರದೆಂದು ಮಾತು ತೆಗೆದುಕೊಂಡಿದ್ದಳು. ಆ ಮಾತು ಉಳಿದಿದೆಯೇ ಎಂಬುದೊಂದೇ ಅವಳ ಚಿಂತೆ.

"ಎಲಿ ಹಾಕೇನಿ, ಪೂಜಿಗೆ ಕುಂದರೋ ತಮ್ಮಾ. ಕೊರಳಾಗ ಕರಡಗಿ ಕಾಣವಲ್ದು?"

"ಟ್ರಂಕಿನ್ಯಾಗ ಐತಿ, ಮದರ್. ಲಂಡನ್ನಿನ್ಯಾಗ ಯಾರೂ ಅದನ್ನ ಕಟ್ಕೊಳ್ಳೂದಿಲ್ಲ."

ಬಾಳವ್ವ ತಾನೇ ಟ್ರಂಕು ತೆರೆದಳು. ಕರಡಿಗೆಯೊಳಗೆ ಕಾಲರಿನ ನಾಲ್ಕು ಗುಂಡಿಗಳಿದ್ದವು. ಲಿಂಗ ಸಿಕ್ಕಿದ್ದು ಕಾಲುಚೀಲದಲ್ಲಿ.

ಅವಳು ಲಿಂಗವನ್ನು ತೊಳೆದು ಸೆರಗಿಗೆ ಕಟ್ಟಿಕೊಂಡಳು. ಕರಡಿಗೆಯನ್ನು ಗುಂಡಿಗಳ ಸಮೇತ ಎಲೆಯ ಮುಂದಿಟ್ಟು, ಹೆತ್ತ ಮಗನಿಗೆ ಮೊದಲ ಸಲ ಬಹುವಚನ ಹಚ್ಚಿದಳು:

"ಬರ್ರಿ ಸಾಹೇಬ್ರ, ಕುಂದರ್ರಿ. ನಿಮ್ಮ ದೇವರ ಪೂಜಿ ಮಾಡಿ ಉಣ್ರಿ."