ಕಾಗದದ ಊರಿನ ಸೂಲಗಿತ್ತಿ

ನಾನು ಮೂರು ವರ್ಷ ಪೊಲೀಸ್ ದಫೇದಾರನಾಗಿದ್ದೆ. ನಗಬೇಡಿ. ಚನ್ನಗಿರಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದ, ಆಗಷ್ಟೇ ಇಪ್ಪತ್ತು ದಾಟಿದ್ದ ನನಗೆ ಕಾಗದದ ಮೇಲೆ ಗಿರಿಜಾ ಮೀಸೆಯಿತ್ತು, ಕೈಯಲ್ಲಿ ಲಾಠಿಯಿತ್ತು, ಕಂಡರೆ ಹೆದರುವ ಜನರಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯಲ್ಲಿ ಸ್ವಲ್ಪ ಜೋರಾಗಿ ನಕ್ಕರೂ ಅಪ್ಪ ಪಡಸಾಲೆಯಿಂದ ಕೆಮ್ಮಿ ಎಚ್ಚರಿಸುತ್ತಿದ್ದರು. ಅಂಥವಳಿಗೆ ಇಡೀ ಊರನ್ನು ಗದರಿಸುವ ಅಧಿಕಾರ ಸಿಕ್ಕರೆ ಬಿಡುತ್ತೇನೆಯೇ?

ಆ ಊರು ಇದ್ದದ್ದು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳಲ್ಲಿ. ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿ ಓದು ಮುಗಿಸುತ್ತಿದ್ದಾಗ ಲೈಬ್ರರಿಯ ಗೋಡೆಗೆ ಯಾರೋ ಒಂದು ಚೀಟಿ ಅಂಟಿಸಿದ್ದರು: ‘ಒಂದು ಊರು ಕಟ್ಟುತ್ತಿದ್ದೇವೆ, ಜನ ಬೇಕು.’ ಕೆಳಗೆ ನ್ಯಾಮತಿಯ ವಿಳಾಸ. ನನ್ನ ರೂಮಿನಲ್ಲೇ ಇದ್ದ ಹೊನ್ನಾಳಿಯ ಗೆಳತಿ ಅದನ್ನು ಓದಿ, "ಬಾರೇ, ನಾವೂ ಹೋಗಿ ಇರಾಣ" ಅಂದಳು. ಇಬ್ಬರೂ ಕಾರ್ಡು ಬರೆದೆವು. ಅವಳಿಗೆ ಪಂಚಾಯಿತಿ ಚೇರ್ಮನ್ ಪಾತ್ರ ಬಂತು, ನನಗೆ ದಫೇದಾರನದು. ಅವಳಿಗೂ ಮೀಸೆ ಇತ್ತು, ಆದರೆ ನನ್ನಷ್ಟು ದಪ್ಪ ಅಲ್ಲ.

ಊರು ಕಟ್ಟಿದವರು ಇಬ್ಬರೇ. ಒಬ್ಬರು ನ್ಯಾಮತಿಯ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬರು ಅವರ ಸ್ನೇಹಿತರಾದ ಒಬ್ಬ ಗುಮಾಸ್ತರು. ಸೈಕ್ಲೋಸ್ಟೈಲ್ ಯಂತ್ರ ಗುಮಾಸ್ತರ ಆಫೀಸಿನದು. ನಾವೆಲ್ಲ ನಮ್ಮ ನಮ್ಮ ಪಾತ್ರ ಆ ತಿಂಗಳು ಏನು ಮಾಡಿತು ಅಂತ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಕಳಿಸಬೇಕು. ಮೇಷ್ಟ್ರು ಎಲ್ಲವನ್ನೂ ಹೊಂದಿಸಿ, ಊರಲ್ಲಿ ಏನು ನಡೆಯಿತು ಅಂತ ಸ್ಟೆನ್ಸಿಲ್ ಮೇಲೆ ಕೊರೆದು ಬರೆಯಬೇಕು, ಗುಮಾಸ್ತರು ಒತ್ತಿ ಅಂಚೆಗೆ ಹಾಕಬೇಕು. ಹಾಳೆಯಲ್ಲಿ ಬಂದದ್ದೇ ಸತ್ಯ. ಹಾಳೆ ಬರುವ ತನಕ ಊರಲ್ಲಿ ಸೂರ್ಯ ಮುಳುಗುವ ಹಾಗಿಲ್ಲ. ಯಾವ ಪಾತ್ರ ಯಾರದು ಅಂತ ಹೇಳುವಂತಿಲ್ಲ. ಒಂದು ಪಾತ್ರ ಇನ್ನೊಂದಕ್ಕೆ ಗುಟ್ಟಾಗಿ ಬರೆಯಬೇಕಾದರೆ ಕವರಿನ ಮೇಲೆ ಪಾತ್ರದ ಕಸುಬು ಮಾತ್ರ ಬರೆದು ನ್ಯಾಮತಿಗೆ ಕಳಿಸಬೇಕು, ಮೇಷ್ಟ್ರು ವಿಳಾಸ ಸೇರಿಸಿ ಮುಂದಕ್ಕೆ ದಾಟಿಸುತ್ತಿದ್ದರು. ಎಲ್ಲ ಗೊತ್ತಿದ್ದವರು ಅವರೊಬ್ಬರೇ. ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಮೊದಲ ವರ್ಷ ತಿಂಗಳು ತಿಂಗಳು ಹಾಳೆ ಬಂತು. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಹೊಲಿಗೆ ಮಿಷನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ. ಆಮೇಲೆ ಗುಮಾಸ್ತರಿಗೆ ಜಗಳೂರಿಗೆ ವರ್ಗವಾಯಿತು. ಆಗ ಶುರುವಾಯಿತು ನೋಡಿ ಪೇಚಾಟ. ಮೇಷ್ಟ್ರು ಸ್ಟೆನ್ಸಿಲ್ ಸುರುಳಿ ಸುತ್ತಿ ಬಸ್ ಕಂಡಕ್ಟರ್ ಕೈಗೆ ಕೊಡಬೇಕು, ಅವನು ದಾವಣಗೆರೆಯಲ್ಲಿ ಜಗಳೂರು ಬಸ್ಸಿನವನಿಗೆ ಕೊಡಬೇಕು, ಅಲ್ಲಿ ಗುಮಾಸ್ತರು ಆಫೀಸಿನಲ್ಲಿ ಸಾಹೇಬರು ಇಲ್ಲದ ದಿನ ನೋಡಿ ಒತ್ತಬೇಕು. ಒಂದು ಸಲ ಸುರುಳಿ ಯಾರದೋ ಮೂಟೆಯಡಿ ಸಿಕ್ಕಿ ಮಡಚಿಹೋಗಿ, ಆ ತಿಂಗಳ ಊರೇ ಅಳಿಸಿಹೋಯಿತು. ಹಾಳೆ ಎರಡು ತಿಂಗಳಿಗೊಂದಾಯಿತು, ಆಮೇಲೆ ಮೂರು ತಿಂಗಳಿಗೊಂದು.

ಸೂರ್ಯ ಮುಳುಗದ ಊರಲ್ಲಿ ಜನ ಎಷ್ಟು ದಿನ ಸುಮ್ಮನಿರುತ್ತಾರೆ? ಕುಂಬಾರನ ಹೆಂಡತಿ ಹದಿನಾಲ್ಕು ತಿಂಗಳಿಂದ ಬಸುರಿಯಾಗಿಯೇ ಇದ್ದಳು. ಹಾಳೆ ಬರದ ಸಂದಿಯಲ್ಲಿ ಕ್ಷೌರಿಕ ಬಾವಿ ಕುಸಿಯಿತು ಅಂತ ಬರೆದ, ಅಂಗಡಿಯವನು ಅದೇ ಬಾವಿಗೆ ಕಟ್ಟೆ ಕಟ್ಟಿಸಿದೆ ಅಂತ ಬರೆದ. ಇಬ್ಬರೂ ನನಗೇ ದೂರು ಕೊಟ್ಟರು, ನಾನು ದಫೇದಾರ ತಾನೇ! ಕೆಲವರು ಬರೆಯುವುದನ್ನೇ ಬಿಟ್ಟರು. ಅಂಥವರಿಗೆಲ್ಲ ನಾನು ಮೇಷ್ಟ್ರ ಮೂಲಕ ಕಾಗದದ ಮೇಲೆ ಕಾಗದ ಬರೆದು ರಮಿಸುತ್ತಿದ್ದೆ. ‘ಮಾಡುವವರು ಇಬ್ಬರೇ, ಇಬ್ಬರಿಗೂ ನೌಕರಿ ಇದೆ, ಮನೆ ಇದೆ. ಕೊಂಚ ತಾಳ್ಮೆ ಇರಲಿ.’ ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತಾಳ್ಮೆ ನನಗೆ ಎಲ್ಲಿಂದ ಬಂತು ಅಂದರೆ ಅಕ್ಕನಿಂದ. ಅಕ್ಕ ಅಂದರೆ ಆ ಊರಿನ ಸೂಲಗಿತ್ತಿ. ಅವಳ ಅಕ್ಷರ ಗುಂಡಗಿತ್ತು, ಮಾತು ಹರಿತವಾಗಿತ್ತು. ಹದಿನಾಲ್ಕು ತಿಂಗಳ ಬಸುರಿಯ ಬಗ್ಗೆ, ‘ಅವಳ ಹೊಟ್ಟೆಯಲ್ಲಿರುವುದು ಕೂಸೋ ಆನೆಮರಿಯೋ, ದಫೇದಾರರೇ ಬಂದು ಪಂಚನಾಮೆ ಮಾಡಬೇಕು’ ಅಂತ ಬರೆದಿದ್ದಳು. ಗುಟ್ಟಿನ ಕವರುಗಳಲ್ಲಿ ನಾವು ನಿಧಾನಕ್ಕೆ ಪಾತ್ರ ಬಿಟ್ಟು ನಮ್ಮ ನಮ್ಮ ಮಾತು ಆಡಿಕೊಳ್ಳತೊಡಗಿದೆವು. ಜಗಳೂರಿನ ಕಡೆಯವಳು, ಗಂಡನದು ಲೈನ್‌ಮನ್ ಕೆಲಸ, ಅತ್ತೆ ಬಿಗಿ, ಮನೆಗೆ ಬರುವ ಹಾಗಿಲ್ಲ ಅಂದಿದ್ದಳು. ನನಗೆ ಗೊತ್ತುಮಾಡಿದ್ದ ಸಂಬಂಧ ಬಣ್ಣದ ನೆಪಕ್ಕೆ ಮುರಿದುಬಿದ್ದಾಗ ಮನೆಯವರೆಲ್ಲ ನನ್ನ ಹಣೆಬರಹದ ಮಾತಾಡಿದರು. ಅಕ್ಕ ಒಬ್ಬಳೇ, ‘ಪೀಡೆ ತೊಲಗಿತು ಅಂದುಕೋ. ಅಳು ಬಂದರೆ ಅತ್ತುಬಿಡು, ಮಿಷನ್ ಮಾತ್ರ ನಿಲ್ಲಿಸಬೇಡ’ ಅಂತ ಬರೆದಳು. ಆ ಕಾಗದವನ್ನು ರವಿಕೆ ಅಳತೆಯ ಪುಸ್ತಕದೊಳಗೆ ಇಟ್ಟುಕೊಂಡು ದಿನಾ ಓದುತ್ತಿದ್ದೆ. ಹೆತ್ತ ತಾಯಿಗೆ ಹೇಳದ್ದನ್ನು ಆ ಗುಂಡು ಅಕ್ಷರಕ್ಕೆ ಹೇಳಿದೆ.

ಒಂದು ಭಾನುವಾರ ಹೊನ್ನಾಳಿಯ ಗೆಳತಿ ಚನ್ನಗಿರಿಗೆ ಬಂದಳು. ಅವಳು ಆಗ ಅಣ್ಣನ ಮನೆಯಲ್ಲಿದ್ದಳು, ಕನ್ನಡ ಟೈಪಿಂಗ್ ಕಲಿಯುತ್ತಿದ್ದಳು. ಎರಡು ತಿಂಗಳಲ್ಲಿ ಸೀನಿಯರ್ ಪರೀಕ್ಷೆ, ಪಾಸಾದರೆ ಗುಮಾಸ್ತೆ ಕೆಲಸಕ್ಕೆ ಅರ್ಜಿ, ಕೆಲಸ ಸಿಕ್ಕರೆ ಅಣ್ಣನ ಹಂಗು ತಪ್ಪಿತು. ಅವಳ ಲೆಕ್ಕ ಅಷ್ಟು ನೇರ. ಅಣ್ಣ ಮಹಾ ಸಿಡುಕ. ಗೊತ್ತಿಲ್ಲದ ಗಂಡಸರ ಜೊತೆ ತಂಗಿ ಚೇರ್ಮನ್ ಆಗಿ ಪತ್ರ ವ್ಯವಹಾರ ಮಾಡುತ್ತಾಳೆ ಅಂತ ತಿಳಿದರೆ ಟೈಪಿಂಗೂ ಇಲ್ಲ, ಹೊಸಿಲು ದಾಟುವುದೂ ಇಲ್ಲ. ಅದಕ್ಕೇ ಹಾಳೆಗಳನ್ನು ಟೈಪಿಂಗ್ ಕ್ಲಾಸಿನ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದಳು.

"ಮೂರು ತಿಂಗಳಿಂದ ಒಂದೇ ಮೀಟಿಂಗ್‌ನಾಗೆ ಕೂತೀನಿ ಕಣೇ, ಕುಂಡಿ ಜೋಮು ಹಿಡಿದೈತೆ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ದನಿ ತಗ್ಗಿಸಿದಳು. "ನಾನೇ ಹಾಳೆ ಮಾಡಾಕೆ ಹೊಂಟೀನಿ. ಕಾರ್ಬನ್ ಇಟ್ಟು ಹೊಡೆದ್ರೆ ಒಂದು ಸಲಕ್ಕೆ ನಾಕು ಕಾಪಿ ಬರ್ತಾವೆ. ಹದಿನೈದು ದಿನಕ್ಕೊಂದು ಹಾಳೆ. ನೀನು ನನ್ ಜೊತೆ ಬಾ. ನೀನು ಗುಟ್ಟಿನ ಕವರ್‌ನಾಗೆ ವಿಳಾಸ ಕೇಳಿದ್ರೆ ಎಲ್ರೂ ಕೊಡ್ತಾರೆ. ನೀನು ಬಂದ್ರೆ ಎಲ್ರೂ ಬರ್ತಾರೆ."

"ಮೇಷ್ಟ್ರಿಗೆ ಹೇಳ್ದ್ಯಾ?"

"ಆಮೇಲೆ ನಾನೇ ಹೇಳ್ತೀನಿ. ಅಲ್ಲಿ ತನಕ ಯಾರಿಗೂ ಬಾಯಿ ಬಿಡಬ್ಯಾಡ, ನನ್ನಾಣೆ."

ಆಣೆ ಇಟ್ಟೆ. ಒಂದು ವಾರ ತೊಳಲಾಡಿದೆ. ಗೆಳತಿಯ ಜೊತೆ ಹೋಗುವುದೋ, ಇಷ್ಟು ವರ್ಷ ನಾನೇ ಸಮರ್ಥಿಸಿಕೊಂಡು ಬಂದ ಊರಲ್ಲಿ ಉಳಿಯುವುದೋ? ಕೊನೆಗೆ ಅಕ್ಕನಿಗೆ ಬರೆದೆ. ಎಲ್ಲವನ್ನೂ ಬರೆದೆ. ಗೆಳತಿಯ ನಿಜವಾದ ಹೆಸರು ಬರೆದೆ, ಅಣ್ಣ ಯಾರು, ಎಂಥವನು, ಯಾವ ಬೀದಿ, ಯಾವ ಮನೆ, ಟೈಪಿಂಗ್ ಪರೀಕ್ಷೆ, ಏನೂ ಬಿಡಲಿಲ್ಲ. ಅಕ್ಕನಿಗೆ ಹೇಳಿದರೆ ಬೇರೆಯವರಿಗೆ ಹೇಳಿದ ಹಾಗಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೆಂಗಸರು ಹೆಂಗಸರ ನಡುವಿನ ಮಾತು, ಅದಕ್ಕೆ ಆಣೆ ಮುಟ್ಟುವುದಿಲ್ಲ ಅಂದುಕೊಂಡೆ.

ನಾಲ್ಕನೆಯ ದಿನಕ್ಕೆ ಉತ್ತರ ಬಂತು. ಮೂರು ತಿಂಗಳಾದರೂ ಹಾಳೆ ಬರದ ಆ ಕಾಲದಲ್ಲಿ ನಾಲ್ಕನೆಯ ದಿನಕ್ಕೆ! ಅಯ್ಯೋ, ನನಗಾಗಿ ಎಷ್ಟು ಮಿಡುಕಿದಳು ಅಕ್ಕ ಅಂತ ಕಣ್ಣು ತುಂಬಿಕೊಂಡೆ. ‘ನೀನು ಹೋದರೆ ಈ ಊರು ಉಳಿಯುವುದಿಲ್ಲ. ನನಗೆ ಇರುವುದು ಇದೊಂದೇ ಕಿಟಕಿ, ಅದನ್ನು ಮುಚ್ಚಬೇಡ ತಂಗಿ’ ಅಂತ ಬರೆದಿದ್ದಳು. ಅವತ್ತೇ ಗೆಳತಿಗೆ ಕಾರ್ಡು ಹಾಕಿದೆ, ನಾನು ಬರುವುದಿಲ್ಲ, ಉಳಿದವರನ್ನು ತೊಂದರೆಗೆ ಹಾಕಬೇಡ ಅಂತ. ದಫೇದಾರನ ಗತ್ತಿನಲ್ಲೇ ಬರೆದೆ.

ಹನ್ನೆರಡನೆಯ ದಿನ ಹಾಳೆ ಬಂತು. ಬಿಚ್ಚಿ ನೋಡಿದರೆ ಮೊದಲ ಪುಟದಲ್ಲೇ, ಊರಿಗೆ ದ್ರೋಹ ಬಗೆದ ಚೇರ್ಮನ್ನರನ್ನು ವಜಾ ಮಾಡಲಾಗಿದೆ ಅಂತ ದಪ್ಪಕ್ಷರ. ಅದರ ಕೆಳಗೆ, ಈ ಪಾತ್ರ ವಹಿಸಿದ್ದವರು ಕುಮಾರಿ ಇಂಥವರು, ಇಂಥವರ ತಂಗಿ, ಹೊನ್ನಾಳಿಯ ಇಂಥ ಬೀದಿ, ಇವರಿಂದ ಪತ್ರ ಬಂದರೆ ಯಾರೂ ಉತ್ತರಿಸಬಾರದು. ನಾನು ಅಕ್ಕನಿಗೆ ಬರೆದ ಕ್ರಮದಲ್ಲೇ ಇತ್ತು, ಹೆಸರು, ಅಣ್ಣ, ಬೀದಿ.

ಅಕ್ಕ ಬಾಯಿಬಿಟ್ಟಿದ್ದಾಳೆ, ಅವಳನ್ನು ಹಿಡಿದು ಕೇಳಲೇಬೇಕು ಅಂತ ಮಾರನೆಯ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಗೆಳತಿಯ ಮನೆ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಮೊದಲು ಅಕ್ಕನ ವಿಳಾಸ ಇಸಿದುಕೊಂಡು ಬಂದು ಆಮೇಲೆ ಮುಖ ತೋರಿಸುತ್ತೇನೆ ಅಂದುಕೊಂಡು ನ್ಯಾಮತಿ ಬಸ್ಸಿನಲ್ಲಿ ಕೂತೆ.

ಮೇಷ್ಟ್ರ ಮನೆ ಸಿಕ್ಕಿತು. ನಲವತ್ತೈದರ ಆಸುಪಾಸಿನ ಸಣಕಲು ಮನುಷ್ಯ, ಬೆರಳ ತುಂಬ ಮಸಿ. ಅವರನ್ನು ನೋಡಿದ್ದು ಅದೇ ಮೊದಲು. "ನಾನು ದಫೇದಾರ" ಅಂದೆ. ಅವರ ಮುಖ ಬಿಳಿಚಿಕೊಂಡಿತು.

"ಸೂಲಗಿತ್ತಿ ಅಕ್ಕನ ವಿಳಾಸ ಕೊಡ್ರಿ ಮೇಷ್ಟ್ರೇ. ಜಗಳೂರಿಗೆ ಹೋಗಬೇಕು."

ಅವರು ತಡವರಿಸುವಷ್ಟರಲ್ಲಿ ಅವರ ಹೆಂಡತಿ ಚಾ ಹಿಡಿದುಕೊಂಡು ಒಳಗಿನಿಂದ ಬಂದರು. ಪಾಪ, ಕಪಟ ಅರಿಯದ ಹೆಂಗಸು. "ಯಾವ ಅಕ್ಕನಮ್ಮ? ಆ ಸೂಲಗಿತ್ತಿ ಕಾಗದನಾ? ಅದನ್ನೂ ಇವ್ರೇ ಬರೆಯಾದು! ಹೆಂಗಸ್ರು ಅಕ್ಷರ ಗುಂಡಗೆ ಬರೀತಾರೆ, ಹಂಗೆ ಬರೀರಿ ಅಂತ ನಾನೇ ಹೇಳಿಕೊಟ್ಟಿದ್ದು" ಅಂತ ನಕ್ಕರು.

ಚಾ ಲೋಟ ನನ್ನ ಕೈಯಲ್ಲೇ ಉಳಿಯಿತು. ಸಂಬಂಧ ಮುರಿದದ್ದು, ನನ್ನ ಬಣ್ಣ, ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತದ್ದು, ಎಲ್ಲವನ್ನೂ ಈ ಮಸಿ ಬೆರಳಿನವನು ಓದಿದ್ದ. ಓದಿ, ಗುಂಡು ಅಕ್ಷರದಲ್ಲಿ ನನ್ನನ್ನು ತಂಗಿ ಅಂದಿದ್ದ.

"ಏನ್ ಮಾಡ್ಲಮ್ಮ" ಅಂದರು ಮೇಷ್ಟ್ರು. "ಬರೆಯೋರು ಒಂಬತ್ತೇ ಜನ ಉಳಿದಿದ್ರಿ. ಒಂಬತ್ತು ಜನದ ಊರು ಊರೇನಮ್ಮ? ಕ್ಷೌರಿಕ ನಾನೇ, ಕುಂಬಾರ ನಾನೇ, ಸೂಲಗಿತ್ತಿನೂ ನಾನೇ. ಹದಿನಾಲ್ಕು ಮಂದಿ ಕಾಗದ ನಾನೊಬ್ನೇ ಬರೀಬೇಕು. ಅದಕ್ಕೇ ಹಾಳೆ ತಡ ಆಗ್ತಿತ್ತು."

"ಇದೊಂದು ತಡ ಆಗ್ಲಿಲ್ವಲ್ಲ ಮೇಷ್ಟ್ರೇ?"

ಅವರು ತಲೆ ತಗ್ಗಿಸಿದರು. ತಾವೇ ಬಸ್ಸು ಹತ್ತಿ ಜಗಳೂರಿಗೆ ಹೋಗಿ ಒತ್ತಿಸಿಕೊಂಡು ಬಂದಿದ್ದರಂತೆ. "ಊರು ಉಳೀಬೇಕಿತ್ತಲ್ಲಮ್ಮ" ಅಂದರು.

"ನಿಮ್ಮ ಊರಿಗೆ ಬೆಂಕಿ ಬೀಳ!" ಅಂತ ಕಿರುಚಿದೆ. ಇನ್ನೂ ಏನೇನೋ ಅಂದೆ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಆ ಮನುಷ್ಯನನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ. ಇಬ್ಬರೇ ಇದ್ದರು, ಕಷ್ಟಪಟ್ಟರು, ಎಲ್ಲ ನಿಜ. ಆಗುವುದಿಲ್ಲ ಅಂತ ಒಂದು ಕಾರ್ಡು ಹಾಕಿದ್ದರೆ ನಾವೆಲ್ಲ ಸಂಕಟಪಟ್ಟು ಸುಮ್ಮನಾಗುತ್ತಿದ್ದೆವು. ಅದರ ಬದಲು ನನ್ನ ನಂಬಿಕೆಯನ್ನೇ ಊರಿಗೆ ಊರುಗೋಲು ಮಾಡಿಕೊಂಡ.

ನ್ಯಾಮತಿಯಿಂದ ಹೊನ್ನಾಳಿಗೆ ಬರುವಾಗ ಬಸ್ಸಿನಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಗೆಳತಿಯ ಗತಿ ನೆನೆದು ಅತ್ತೆ ಅಂತ ಹೇಳಿದರೆ ಚೆನ್ನಾಗಿರುತ್ತದೆ. ಸುಳ್ಳು. ಅಕ್ಕನಿಗಾಗಿ ಅತ್ತೆ. ಜಗಳೂರಿನ ಬಿಗಿ ಅತ್ತೆಯ ಮನೆಯಲ್ಲಿ ಕಿಟಕಿಯ ಬಳಿ ಕೂತು ನನಗೆ ಬರೆಯುತ್ತಿದ್ದ ಹೆಂಗಸು ಸತ್ತೇಹೋದಳು ಅನ್ನಿಸಿ ದುಃಖ ಒತ್ತರಿಸಿ ಬಂತು.

ಗೆಳತಿ ಜಗುಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಅಣ್ಣ ಮನೆಯಲ್ಲಿರಲಿಲ್ಲ. ಹಾಳೆ ಈ ಸಲ ನೇರ ಮನೆಗೇ ಬಂದಿತ್ತು, ಅವನ ಕೈಗೇ ಸಿಕ್ಕಿತ್ತು. ಅವಳ ಮೂರು ವರ್ಷದ ಕಾಗದಗಳು, ಟೈಪಿಂಗ್ ಪುಸ್ತಕ, ಪರೀಕ್ಷೆಯ ರಸೀದಿ ಎಲ್ಲ ಹಂಡೆ ಒಲೆಗೆ ಹೋಗಿದ್ದವು. ಇದನ್ನೆಲ್ಲ ಅವಳು ತಲೆ ಎತ್ತದೆ, ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ ಕೇಳಿದಳು.

"ಯಾರಿಗೆ ಹೇಳಿದ್ದೆ?"

"ಅಕ್ಕನಿಗೆ."

"ಯಾವ ಅಕ್ಕನಿಗೆ?"

ಎಲ್ಲ ಹೇಳಿದೆ. ಸೂಲಗಿತ್ತಿ, ಗುಟ್ಟಿನ ಕವರು, ಮೇಷ್ಟ್ರು, ಅವರ ಹೆಂಡತಿ ನಕ್ಕದ್ದು. ಎಂಥಾ ಮೋಸ ಆಯಿತು ನೋಡೇ ನನಗೆ, ಅಂತ ಅವಳ ಮುಂದೆಯೇ ಬಿಕ್ಕಿದೆ. ಅವಳು ಅಕ್ಕಿಯಲ್ಲಿ ಬೆರಳಾಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು.

"ಹಂಗಾದ್ರೆ ಆ ಅಕ್ಕ ಇರ್ಲೇ ಇಲ್ಲ" ಅಂದಳು.

"ಇರ್ಲೇ ಇಲ್ಲ ಕಣೇ."

ಆಗ ತಲೆ ಎತ್ತಿ ನನ್ನ ಮುಖ ನೋಡಿದಳು.

"ನಾನಿದ್ನಲ್ಲೇ" ಅಂದಳು.

ಮೊರ ಎತ್ತಿಕೊಂಡು ಒಳಗೆ ಹೋದಳು.