ಹಮೀದಾ ಕೊಟ್ಟ ಮೊಂಡು ಸೂಜಿ

ಹಮೀದಾ ದಾರಕ್ಕೆ ಮಂತ್ರ ಊದಿ ಕೊಡುತ್ತಾರೆಂದು ಕೃಷ್ಣಪ್ಪನವರು ನಾಲ್ಕು ತಿಂಗಳು ಗಟ್ಟಿಯಾಗಿ ನಂಬಿದ್ದರು. ನಂಬಲು ಆಧಾರವೂ ಇತ್ತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಮೀದಾರದೊಂದು ಕಸೂತಿ ಸಾಮಾನಿನ ಅಂಗಡಿ. ಯಾರು ದಾರ ಕೇಳಿದರೂ ಆಕೆ ಲಚ್ಚಿಯಿಂದ ಒಂದೆಳೆ ಎಳೆದು, ಕಣ್ಣು ಮುಚ್ಚಿ, ಕೆಳತುಟಿಯ ಮೇಲೆ ಮೆಲ್ಲಗೆ ಹಾಯಿಸುತ್ತಿದ್ದರು. ಕೊಡುವುದು ಬಿಡುವುದು ಆಮೇಲೆ. ಇದು ಪ್ರಾರ್ಥನೆಯಲ್ಲದೆ ಮತ್ತೇನು? ಮೂವತ್ತಾರು ವರ್ಷ ಸರ್ಕಾರಿ ಕಡತ ಓದಿದ ಕಣ್ಣು ಮೋಸಹೋಗುವುದುಂಟೆ?

ಆ ಅಂಗಡಿಯ ಮೆಟ್ಟಿಲು ಹತ್ತುವ ಯೋಗ ಕೃಷ್ಣಪ್ಪನವರಿಗೆ ಬಂದದ್ದು ಬಲಗೈಯಿಂದ. ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಫಿ ಲೋಟ ತಾನಾಗಿಯೇ ಜಾರಿ ಬಿತ್ತು. ಸಣ್ಣ ಲಕ್ವ ಎಂದರು ಡಾಕ್ಟರು. ಕಾಲು ಸರಿಹೋಯಿತು, ಮಾತೂ ಮರಳಿತು. ಮಾತು ಅಷ್ಟು ಬೇಗ ಮರಳದಿದ್ದರೂ ನಡೆಯುತ್ತಿತ್ತು ಎಂಬುದು ಪತ್ನಿ ಅಂಬುಜಮ್ಮನವರ ಅಭಿಪ್ರಾಯ. ಆದರೆ ಬಲಗೈ ಬೆರಳುಗಳು ಸಹಿಯನ್ನು ಮರೆತುಬಿಟ್ಟಿದ್ದವು.

ಅದೇನು ಅಂತಿಂಥ ಸಹಿಯೆ! ನಡುವೆ ಎರಡು ಕಡೆ ಬಾಗಿ, ಕೊನೆಯಲ್ಲಿ ಮೂರು ಸುತ್ತು ಸುತ್ತಿ, ಕೆಳಗೊಂದು ಗೆರೆ ಎಳೆದು, ಎರಡು ಚುಕ್ಕಿ ಇಟ್ಟರೇ ಅದಕ್ಕೆ ಸಮಾಧಾನ. ನಿವೃತ್ತಿಗೆ ಎಂಟು ತಿಂಗಳಿರುವಾಗ ಬಡ್ತಿ ಬಂದು, ಹಸಿರು ಶಾಯಿಯಲ್ಲಿ ಸಹಿ ಮಾಡುವ ಭಾಗ್ಯವೂ ಸಿಕ್ಕಿತ್ತು. ಇನ್ನು ಬರುವ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾವಿನ್ನೂ ಬದುಕಿದ್ದೇವೆಂದು ಪಿಂಚಣಿಯ ಪತ್ರಕ್ಕೆ ಸಹಿ ಹಾಕಬೇಕು. "ಆಗದಿದ್ರೆ ಹೆಬ್ಬೆಟ್ಟು ಒತ್ಬಹುದು ಸಾರ್" ಎಂದಿದ್ದಳು ಕೌಂಟರಿನ ಹುಡುಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಕೃಷ್ಣಪ್ಪನವರಿಗೆ ಮೂರು ದಿನ ಊಟ ಸೇರಲಿಲ್ಲ. ಸಾವಿರಾರು ಜನರ ಹೆಬ್ಬೆಟ್ಟಿನ ಪಕ್ಕದಲ್ಲಿ 'ನನ್ನ ಸಮಕ್ಷಮ' ಎಂದು ರುಜು ಹಾಕಿದ ಕೈ ಅದು.

ಕೈಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಚೈತ್ರಾ ದಾರಿ ತೋರಿಸಿದಳು. "ಕ್ರಾಸ್ ಸ್ಟಿಚ್ ಮಾಡಿ ಸಾರ್. ತೂತಿಂದ ತೂತಿಗೆ ಸೂಜಿ ಹಾಕೋದು, ಅಷ್ಟೆ. ಬೆರಳು ಹತೋಟಿಗೆ ಬರ್ತವೆ."

ಮಾರನೆಯ ಮಧ್ಯಾಹ್ನವೇ ಕೃಷ್ಣಪ್ಪನವರು ಸಾಮಾನಿನ ಪಟ್ಟಿ ಸಮೇತ ಹಮೀದಾರ ಅಂಗಡಿಯಲ್ಲಿದ್ದರು. ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ಸೂರಿನಿಂದ ಇಳಿಬಿದ್ದ ನೂರಾರು ಲಚ್ಚಿಗಳು ಆ ಗಾಳಿಗೆ ನೀರಿನೊಳಗಿನ ಪಾಚಿಯಂತೆ ತೂಗುತ್ತಿದ್ದವು. ಎಲ್ಲಿಂದಲೋ ಗೂಡು ಬೇಯುವ ವಾಸನೆ. ಕೃಷ್ಣಪ್ಪನವರು ಸ್ಟೂಲಿನ ಮೇಲೆ ಕೂತು ಒಂದು ಗಳಿಗೆ ಬಂದ ಕೆಲಸವನ್ನೇ ಮರೆತರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ರೇಷ್ಮೆ ದಾರ ಕೊಡಮ್ಮ, ನಲವತ್ತೆಂಟು ಬಣ್ಣ. ಬಟ್ಟೆ ನಯವಾಗಿರ್ಲಿ. ಸೂಜಿ ಚೂಪಾಗಿರ್ಬೇಕು. ಆ ಕೊಕ್ಕರೆ ಮೂತಿ ಕತ್ತರಿ ಐತಲ್ಲ, ಚಿನ್ನದ ಬಣ್ಣದ್ದು, ಅದೂ ಇರ್ಲಿ."

"ಯಾರಿಗೆ ಸಾರ್?"

"ನನಗೇ."

"ಮುಂಚೆ ಕಸೂತಿ ಹಾಕಿದ್ದೀರಾ?"

"ಮುಂಚೆ ಅಂದ್ರೆ... ಸಹಿ ಹಾಕಿದ್ದೀನಿ."

ಹಮೀದಾ ಕೃಷ್ಣಪ್ಪನವರ ಬಲಗೈಯನ್ನೊಮ್ಮೆ ನೋಡಿ, ಪಟ್ಟಿಯನ್ನು ಮಡಿಸಿ ವಾಪಸು ಕೊಟ್ಟರು. "ರೇಷ್ಮೆ ಬ್ಯಾಡ. ಜಾರ್ತದೆ. ಹತ್ತಿ ದಾರ ತಗೊಳ್ಳಿ."

"ರೇಷ್ಮೆ ಊರಲ್ಲಿ ಕೂತ್ಕಂಡು ಹತ್ತಿ ದಾರ ತಗೊಂಡೋಗ್ಲಾ? ನೋಡ್ದೋರು ಏನಂದಾರು?"

"ನೋಡ್ದೋರು ಬಂದು ಹೊಲ್ದು ಕೊಡ್ತಾರಾ ಸಾರ್?"

ಆಮೇಲೆ ಮೇಜಿನ ಮೇಲೆ ಒಂದೊಂದಾಗಿ ಸಾಮಾನು ಬಂದವು. ಅಗಲ ತೂತಿನ ಮ್ಯಾಟಿ ಬಟ್ಟೆಯ ತುಂಡು. "ಇದು ರಾಗಿ ಜರಡಿ ಕಣಮ್ಮ" ಎಂದರು ಕೃಷ್ಣಪ್ಪ. "ಕಣ್ಣಿಗೆ ಕಾಣೋದು ಒಳ್ಳೇದು ಸಾರ್." ಬಟ್ಟೆ ಬಿಗಿಹಿಡಿಯಲು ಚನ್ನಪಟ್ಟಣದಲ್ಲಿ ಕಡೆದ ಮರದ ರಿಂಗು, ಅಂಗೈಯಗಲದ್ದು, ದೊಡ್ಡದಾದರೆ ಕೈ ಸೋಲುತ್ತದೆ. ಸಾದಾ ಪುಟ್ಟ ಕತ್ತರಿ; ಕೊಕ್ಕರೆ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ದಾರ ಪೋಣಿಸಲು ತಂತಿಯ ಕುಣಿಕೆಯಿರುವ ತಗಡು. ಅದು ವಯಸ್ಸಾದವರಿಗೆ ಎಂದು ಅರವತ್ತೇಳರ ಕೃಷ್ಣಪ್ಪನವರು ಪಕ್ಕಕ್ಕಿಟ್ಟರು. ಹಮೀದಾ ಅದನ್ನೆತ್ತಿ ಚೀಲಕ್ಕೆ ಹಾಕಿದರು.

"ಸೂಜಿ ಮೊಂಡೈತಲ್ಲಮ್ಮ!"

"ತೂತು ಆಗ್ಲೇ ಐತೆ. ನೀವು ಯಾರನ್ನೂ ಚುಚ್ಚಂಗಿಲ್ಲ. ಬಣ್ಣ ಒಂದೇ, ಯಾವ್ದು?"

"ಹಸಿರು" ಎಂದರು ಕೃಷ್ಣಪ್ಪನವರು ತಟ್ಟನೆ.

ಹಮೀದಾ ಒಂದು ಹಸಿರು ಲಚ್ಚಿ ಇಳಿಸಿ ಎಳೆಯನ್ನು ತುಟಿಗೆ ಹಾಯಿಸಿ, ತಲೆಯಾಡಿಸಿ ಬದಿಗಿಟ್ಟರು. ಎರಡನೆಯದಕ್ಕೆ ಮುಖ ಅರಳಿತು. "ಆರೆಳೇಲಿ ಮೂರು ಬಿಡಿಸ್ಕೊಳ್ಳಿ. ಮೊಳದುದ್ದಕ್ಕಿಂತ ಜಾಸ್ತಿ ಕತ್ತರಿಸ್ಬ್ಯಾಡಿ, ಗಂಟಾಯ್ತದೆ." ಕೃಷ್ಣಪ್ಪನವರಿಗೆ ಮಾತು ಕೇಳಿಸಲಿಲ್ಲ. ಊದಿದ ದಾರ ತಮಗೆ ದಕ್ಕಿತಲ್ಲ ಎಂದು ಮೈಯೆಲ್ಲ ಹಗುರಾಗಿತ್ತು.

ಮನೆಗೆ ಹೋದವರು ಮಾರುದ್ದ ದಾರ ಹಾಕಿಕೊಂಡು ನೇರವಾಗಿ ಸಹಿಯನ್ನೇ ಹೊಲಿಯಲು ಕೂತರು. ಚೌಕಗಳ ಬಟ್ಟೆಯಲ್ಲಿ ಸುತ್ತು ಎಲ್ಲಿಂದ ಬರಬೇಕು? ವಾರ ಕಳೆದ ಮೇಲೆ ಅಂಬುಜಮ್ಮ ಇಣುಕಿದರು. "ರೀ, ಇದೇನು, ರೇವಣಸಿದ್ದೇಶ್ವರ ಬೆಟ್ಟದ ಮೆಟ್ಲಾ?"

ಕೃಷ್ಣಪ್ಪನವರು ಗಂಟು ಬಿದ್ದ ಬಟ್ಟೆ ಹಿಡಿದು ಗಲ್ಲಿಗೆ ಓಡಿದರು. "ಬ್ಯಾಂಕಲ್ಲಿ ಹೆಬ್ಬೆಟ್ಟು ಒತ್ತು ಅಂತವ್ರೆ ಕಣಮ್ಮ! ನನಗೆ!"

ಹಮೀದಾ ಗಂಟು ಕತ್ತರಿಸುತ್ತಲೇ ನಕ್ಕರು. "ಒತ್ತುದ್ರೆ ಮೂಡ್ತದಲ್ಲ, ಅದೇ ಭಾಗ್ಯ ಸಾರ್. ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ ಕೈ ಅದ್ದಿ ಗೂಡಿಂದ ನೂಲು ತೆಗ್ದೆ. ಬೆರಳ ಗೆರೆಯೆಲ್ಲ ಹೋದ್ವು. ರೇಷನ್ ಅಂಗಡಿ ಮಿಷನ್ನು ನನ್ನ ಹೆಬ್ಬೆಟ್ಟೇ ಒಪ್ಪಲ್ಲ." ಕೃಷ್ಣಪ್ಪನವರು ಪಾಪ ಎಂದರು. ಎಂದರೂ ಅವರ ಮನಸ್ಸು ತಮ್ಮ ಮೂರು ಸುತ್ತುಗಳ ಸುತ್ತಲೇ ಇತ್ತು.

"ಸಹಿ ಬುಟ್ಬುಡಿ. ಬರೀ ಇಂಟು ಹಾಕಿ, ಸಾಲಾಗಿ. ಕೆಳಗಿನ ಗೆರೆಯೆಲ್ಲ ಒಂದ್ಕಡೆ ಬಾಗ್ಬೇಕು, ಮೇಲಿನವೆಲ್ಲ ಇನ್ನೊಂದ್ಕಡೆ."

ಇಂಟು! ಸರ್ವಿಸ್ ಪೂರ್ತಿ ಕಂಡವರ ಅರ್ಜಿಗಳ ಮೇಲೆ ಕೆಂಪು ಪೆನ್ನಿನಲ್ಲಿ ಎಳೆದ ಗುರುತು. ಈಗ ಅದನ್ನೇ ಮಂಡಿಯ ಮೇಲೆ ದಿಂಬಿಟ್ಟು, ತಗಡಿನಿಂದ ದಾರ ಪೋಣಿಸಿ, ಹಸಿರಿನಲ್ಲಿ, ಎಣಿಸಿ ಎಣಿಸಿ ಹಾಕುವ ಸರದಿ. ಆಗಸ್ಟ್ ಕಳೆಯಿತು, ದಸರಾ ಕಳೆಯಿತು. ಮಧ್ಯಾಹ್ನದ ಜೊಂಪಿನಲ್ಲಿ ಕೃಷ್ಣಪ್ಪನವರಿಗೆ ಹಳೆಯ ಕಚೇರಿ ಕಾಣುತ್ತಿತ್ತು. ಕಡತಗಳು ತಾವಾಗಿ ಬಿಚ್ಚಿಕೊಂಡು, ಇಂಟುಗಳೆಲ್ಲ ಅರ್ಜಿ ಬಿಟ್ಟೆದ್ದು, ರೇಷ್ಮೆ ಚಿಟ್ಟೆಗಳಾಗಿ ಕಿಟಕಿಯಿಂದ ಬೆಟ್ಟದ ಕಡೆ ಹಾರುತ್ತಿದ್ದವು. ಬೆಂಚಿನ ಮೇಲೆ ಕಾಯುತ್ತಿದ್ದ ಅರ್ಜಿದಾರರು ಅವಸರವಿಲ್ಲದೆ ಅದನ್ನೇ ನೋಡುತ್ತಿದ್ದರು. ಎಚ್ಚರವಾದಾಗ ಸೂಜಿ ಬೆರಳುಗಳ ನಡುವೆ ಹಾಗೆಯೇ ಇರುತ್ತಿತ್ತು. ಬಿದ್ದಿರುತ್ತಿರಲಿಲ್ಲ.

ನವೆಂಬರಿನಲ್ಲಿ ಬ್ಯಾಂಕಿನ ಕೌಂಟರಿನ ಮುಂದೆ ಕೃಷ್ಣಪ್ಪನವರು ಪೆನ್ನು ಹಿಡಿದರು. ಹೆಸರು ಬಂತು, ಬಾಗಿಕೊಂಡೇ ಬಂತು. ಸುತ್ತು ಒಂದೇ, ಚುಕ್ಕಿ ಇಲ್ಲವೇ ಇಲ್ಲ. ಹುಡುಗಿ ಹಳೆಯ ಸಹಿಯ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದಳು. "ಆಯ್ತು ಸಾರ್, ಇದ್ದೀರಿ" ಎಂದಳು.

ಅವರು ಮನೆಗೆ ಹೋಗಲಿಲ್ಲ. ಒಂದು ಪೊಟ್ಟಣ ಪೇಡ ಹಿಡಿದು ನೇರ ಗಲ್ಲಿಗೆ ಬಂದರು. ಹಮೀದಾ ಯಾರಿಗೋ ಕೆಂಪು ದಾರ ಆರಿಸುತ್ತ ಎಳೆಯನ್ನು ತುಟಿಯ ಮೇಲೆ ಹಾಯಿಸುತ್ತಿದ್ದರು. ಕೃಷ್ಣಪ್ಪನವರು ಚಪ್ಪಲಿ ಬಿಟ್ಟು, ಮುಂದೆ ಬಾಗಿ, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು. "ಹಮೀದಮ್ಮ, ನಿಜ ಹೇಳ್ಬುಡಿ. ತುಟಿಗಿಟ್ಕಂಡು ಅದೇನು ಮಂತ್ರ ಊದ್ತೀರಿ?"

"ಮಂತ್ರ ಎಂಥದು ಸಾರ್? ದಾರ ನಯವಾ ಒರಟಾ ನೋಡ್ತೀನಿ. ಬೆರಳು ಬೆಂದೋಗವೆ. ತುಟಿ ಬೆಂದಿಲ್ಲ."